540 ರೂಪಾಯಿ ವ್ಯತ್ಯಾಸ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಮೊಮ್ಮಗಳು ಹೋದ ತಿಂಗಳು ಹೇಳದೆ ಕೇಳದೆ ಮೈಸೂರಿಗೆ ಬಂದಳು. ಎರಡು ದಿನ ಮಲಗಿಯೇ ಇದ್ದಳು. ಮೂರನೆಯ ದಿನ ಕಾಫಿ ಲೋಟ ಹಿಡಿದು ನನ್ನ ಪಕ್ಕ ಕೂತಳು.

"ತಾತ, ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅನ್ನಿಸುತ್ತೆ. ಪ್ರೋಗ್ರಾಮಿನಲ್ಲಿದ್ದ ಒಂದು ತಪ್ಪನ್ನು ಮೂರು ರಾತ್ರಿ ಹುಡುಕಿದೆ, ಸಿಗಲಿಲ್ಲ. ಈಗ ಲ್ಯಾಪ್‌ಟಾಪ್ ತೆರೆದರೇ ಕೈ ನಡುಗುತ್ತೆ."

'ನಮ್ಮ ಕಾಲದಲ್ಲಿ...' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಏಕೆಂದರೆ ನಮ್ಮ ಕಾಲದಲ್ಲಿ ನಾನೂ ಹಾಗೇ ಕೂತಿದ್ದೆ.

1979ರ ಜೂನ್. ಬ್ಯಾಂಕಿನಲ್ಲಿ ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನಗಳು. ನನ್ನ ಲೆಡ್ಜರಿನಲ್ಲಿ 540 ರೂಪಾಯಿ ವ್ಯತ್ಯಾಸ. ಮೂರು ರಾತ್ರಿ ಕೂಡಿದೆ, ಕಳೆದೆ, ತಾಳೆಯಾಗಲಿಲ್ಲ. ಬಿ.ಕಾಂ. ಓದಿದ್ದೂ ದಂಡ ಎನ್ನಿಸಿ, ರಾಜೀನಾಮೆ ಪತ್ರ ಬರೆದು ಜೇಬಿನಲ್ಲಿ ಇಟ್ಟುಕೊಂಡೆ. ಹೆಡ್ ಕ್ಲರ್ಕ್ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, "ಮನೆಗೆ ಹೋಗಿ ಮಲಗಪ್ಪ, ಲೆಡ್ಜರ್ ಎಲ್ಲಿಗೂ ಓಡಿಹೋಗಲ್ಲ" ಎಂದರು.

ಬೆಳಿಗ್ಗೆ ಎದ್ದಾಗ ಹೊಳೆಯಿತು: 540 ಒಂಬತ್ತರಿಂದ ಭಾಗವಾಗುತ್ತದೆ! ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಮಕ್ಕಳೇ, ನೀವೂ ಮಾಡಿ ನೋಡಿ. 7,281 ಎಂದು ಬರೆಯುವ ಕಡೆ ನಾನು 7,821 ಎಂದು ಬರೆದಿದ್ದೆ. ಹತ್ತು ನಿಮಿಷದಲ್ಲಿ ಸಿಕ್ಕಿತು.

"ರಾಜೀನಾಮೆ ಪತ್ರ ಏನಾಯ್ತು ತಾತ?"

"ನಿಮ್ಮಜ್ಜಿ ಅಂಗಿಯ ಜೊತೆ ಒಗೆದುಬಿಟ್ಟಳು."

ಬಂದಮೇಲೆ ಮೊದಲ ಸಲ ನಕ್ಕಳು.

ಆದರೆ ಅವಳ ಕಷ್ಟ ನನ್ನದಕ್ಕಿಂತ ದೊಡ್ಡದು. ನನ್ನ ಲೆಡ್ಜರ್ ರಾತ್ರಿ ಬ್ಯಾಂಕಿನಲ್ಲೇ ಇರುತ್ತಿತ್ತು. ಅವಳದು ಊಟದ ಹೊತ್ತಿನಲ್ಲೂ ಫೋನಿನೊಳಗಿಂದ ಕರೆಯುತ್ತದೆ. ಕೆಲಸದ ಒತ್ತಡ ಬಹುಕಾಲ ಹಾಗೇ ಉಳಿದರೆ ಮನುಷ್ಯ ಬಸವಳಿಯುತ್ತಾನೆ. ಇದಕ್ಕೆ 'ಬರ್ನ್‌ಔಟ್' ಎನ್ನುತ್ತಾರೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಪಟ್ಟಿಮಾಡಿತು. ಇದು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ. ಒಂದು ರಾತ್ರಿಯ ನಿದ್ದೆಯಿಂದ ಹೋಗುವಂಥದ್ದೂ ಅಲ್ಲ.

ಅವಳು ಮೇಲಧಿಕಾರಿಯೊಡನೆ ಮಾತಾಡಿ ಎರಡು ವಾರ ರಜೆ ಪಡೆದಳು. ವೈದ್ಯರನ್ನೂ ಕಂಡಳು. ಮೊನ್ನೆ ಫೋನ್ ಮಾಡಿದ್ದಳು.

"ತಾತ, ಕೆಲಸ ಬಿಡಬೇಕೋ ಬೇಡವೋ ಇನ್ನೂ ಗೊತ್ತಿಲ್ಲ. ಆದರೆ ನಿನ್ನೆ ಫೋನ್ ಆಫ್ ಮಾಡಿ ಎಂಟು ಗಂಟೆ ನಿದ್ದೆ ಮಾಡಿದೆ."

"ಸದ್ಯಕ್ಕೆ ಅಷ್ಟು ಸಾಕು ಪುಟ್ಟಿ" ಎಂದೆ.