ಬಚ್ಚಲುಮನೆಯ ತುಂತುರು ನೀರು

ಧಾರವಾಡದ ನಮ್ಮ ಮನೆಯನ್ನು ತೀರ್ಥರೂಪರು ಕಟ್ಟಿಸಿದ್ದು 1978ರಲ್ಲಿ. ಹಂಡೆ, ತಾಮ್ರದ ತಂಬಿಗೆ, ಕೂರಲೊಂದು ಮಣೆ. ಇಷ್ಟರಲ್ಲಿಯೇ ಎರಡು ತಲೆಮಾರಿನವರ ಸ್ನಾನ ಸಾಗಿಬಂದಿತ್ತು. ಶವರು ಬಂದುದು ಮಕ್ಕಳ ಹಟಕ್ಕೆ. ಅದರಲ್ಲಿ ನೀರು ಸರಿಯಾಗಿ ಬೀಳುವುದಿಲ್ಲವೆಂದು ಅವರು ಗೊಣಗಿದಾಗ ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಳೆದ ವರ್ಷ ತಾಯಿಯವರು ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಇನ್ನು ಮಣೆಯ ಮೇಲೆ ಕೂರಬಾರದು, ಬಾಗಬಾರದು, ಎತ್ತರದ ಕುರ್ಚಿಯ ಮೇಲೆ ಕುಳಿತೇ ಸ್ನಾನ ಮಾಡಬೇಕೆಂದು ವೈದ್ಯರು ಹೇಳಿದರು. ತಾಯಿಯವರೋ ಸ್ನಾನವಾಗದೆ ಪೂಜೆಗೆ ಕೂರುವವರಲ್ಲ; ಪೂಜೆಯಾಗದೆ ಒಂದು ಗುಟುಕು ಚಹವನ್ನೂ ಮುಟ್ಟುವವರಲ್ಲ. ಶವರಿನ ಕೆಳಗೆ ಕೂರಿಸಿದರೆ ನೂಲಿನಂತೆ ಇಳಿಯುವ ನೀರಿಗೆ ಮೈ ನೆನೆಯುವುದರೊಳಗೆ ಚಳಿ ಹತ್ತುತ್ತಿತ್ತು. "ನಾಳಿಂದ ಹಸಿ ಅರಿಬಿಲೆ ಮೈ ಒರಸಿಬಿಡ್ರಿ, ಸಾಕು" ಎಂದು ಒಂದು ದಿನ ಅವರು ಅಂದಾಗ ನಮಗೆ ನಾಚಿಕೆಯಾಯಿತು.

ಕರೆಸಿದ ಪ್ಲಂಬರು ಪೈಪನ್ನು ಮುಟ್ಟಿಯೂ ನೋಡದೆ ಪಂಪು ಕೂರಿಸಿರೆಂದ. ನಾವು ಮೊದಲು ಅಳೆದು ನೋಡಿದೆವು. ಹತ್ತು ಲೀಟರಿನ ಬಕೆಟ್ಟು ತುಂಬಲು ಶವರು ಐದು ನಿಮಿಷ ತೆಗೆದುಕೊಂಡಿತು. ಜಾಲರಿಯ ತಲೆಯನ್ನು ಬಿಚ್ಚಿ ಬರಿಯ ಕೊಳವೆಯಿಂದ ಹಿಡಿದಾಗ ಎರಡೂವರೆ ನಿಮಿಷ. ಎಂದರೆ ಅರ್ಧ ದೋಷ ತಲೆಯಲ್ಲಿ, ಉಳಿದುದು ಹಿಂದೆ.

ನಮ್ಮದು ಕೊಳವೆಬಾವಿಯ ಗಡಸು ನೀರು. ಅದರ ಸುಣ್ಣದ ಅಂಶ ರಂಧ್ರಗಳಲ್ಲಿ ಕಲ್ಲಾಗಿ ಕುಳಿತಿತ್ತು. ತಲೆಯನ್ನು ಇಡೀ ರಾತ್ರಿ ನಿಂಬೆರಸದಲ್ಲಿ ನೆನೆಹಾಕಿ, ಬೆಳಿಗ್ಗೆ ಸೂಜಿಯಿಂದ ಚುಚ್ಚಿ ಶುದ್ಧಮಾಡಿದೆವು. ಹುಳಿಗೆ ಸುಣ್ಣ ಕರಗುವುದು ತಾಮ್ರದ ಹಂಡೆ ತಿಕ್ಕುವ ಹೆಣ್ಣುಮಕ್ಕಳಿಗೆ ಹೊಸ ವಿಷಯವಲ್ಲ. ನಮಗೆ ಮಾತ್ರ ಅಂದು ಹೊಳೆಯಿತು. ಮಾಳಿಗೆಯ ಮೇಲಿನ ಹಳೆಯ ವಾಲ್ವಿನ ಚಕ್ರ ಪೂರ್ತಿ ತಿರುಗುತ್ತಿದ್ದರೂ ಒಳಗಿನ ಬಾಗಿಲು ಅರ್ಧಕ್ಕೇ ಕಚ್ಚಿಕೊಂಡಿತ್ತು. ಅದನ್ನು ಬದಲಾಯಿಸಿದೆವು. ಅರ್ಧ ಇಂಚಿನ ಕಬ್ಬಿಣದ ಕೊಳವೆಯನ್ನು ಕತ್ತರಿಸಿ ನೋಡಿದರೆ ತುಕ್ಕು ಬೆಳೆದು ಪೆನ್ಸಿಲು ತೂರುವಷ್ಟೇ ದಾರಿ ಉಳಿದಿತ್ತು! ಆ ಜಾಗಕ್ಕೆ ಮುಕ್ಕಾಲು ಇಂಚಿನ ಪ್ಲಾಸ್ಟಿಕ್ ಕೊಳವೆ ಬಂದಿತು.

ಉಳಿದದ್ದು ಎತ್ತರದ ಪ್ರಶ್ನೆ. ನೀರಿನ ಒತ್ತಡ ಟ್ಯಾಂಕಿನ ಗಾತ್ರದಿಂದ ಬರುವುದಲ್ಲ, ನೀರಿನ ಮಟ್ಟ ಎಷ್ಟು ಮೇಲಿದೆ ಎಂಬುದರಿಂದ ಬರುವುದು. ಹತ್ತು ಮೀಟರು ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕೊಡುತ್ತದೆ. ನಮ್ಮ ಟ್ಯಾಂಕಿನ ತಳಕ್ಕೂ ಶವರಿಗೂ ಇದ್ದ ಅಂತರ ನಾಲ್ಕೇ ಅಡಿ. ಟ್ಯಾಂಕನ್ನು ಎತ್ತರಿಸಲು ಕಟ್ಟೆ ಕಟ್ಟುವ ಯೋಚನೆ ಬಂದಿತು. ಆದರೆ ಸಾವಿರ ಲೀಟರು ನೀರೆಂದರೆ ಒಂದು ಟನ್ ತೂಕ. ಹಳೆಯ ಮಾಳಿಗೆಯ ನಡುವೆ ಅದನ್ನು ಹೇರಲು ಧೈರ್ಯ ಬರಲಿಲ್ಲ.

ಆಗ ನಮ್ಮ ಮನೆಯವರು, "ಟ್ಯಾಂಕು ಮೇಲಕ್ಕ ಹೋಗದಿದ್ರ ಶವರು ಕೆಳಗ ಬರಲಿ" ಎಂದರು. ಅತ್ತೆಯವರು ಕೂರುವುದು ಕುರ್ಚಿಯ ಮೇಲೆ, ಏಳಡಿ ಎತ್ತರದ ಶವರು ಅವರಿಗೇಕೆ? ಕೈಯಲ್ಲಿ ಹಿಡಿಯುವ ಶವರನ್ನು ತಂದು ಮೂರಡಿ ಕೆಳಗೆ ಸಿಕ್ಕಿಸಿದೆವು. ಬಕೆಟ್ಟು ಈಗ ಒಂದೂಕಾಲು ನಿಮಿಷದಲ್ಲಿ ತುಂಬಿತು. ಪಂಪಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲುಮನೆಯಿಂದ ತಾಯಿಯವರ ದನಿ ಕೇಳಿಸಿತು: "ಇಷ್ಟ್ಯಾಕ ನೀರು ಬಿಡತೀರಿ? ಸ್ವಲ್ಪ ಸಣ್ಣಗ ಮಾಡ್ರಿ."