ತೋಟದ ಪಾಲೂ ಕಂಸದ ಲೆಕ್ಕವೂ

ಮಕ್ಕಳ ಗಣಿತದ ಪಟ್ಟಿಲಿ ಕಂಸದೊಳಗೊಂದು ಕಂಸ, ಮಧ್ಯ ಭಿನ್ನರಾಶಿ ಕಂಡ್ರೆ 'ಇದೆಲ್ಲಾ ಎಂತಕ್ಕೆ?' ಹೇಳಿ ಕಾಣ್ತು ಅಲ್ದಾ? ತೋಟ ಪಾಲು ಮಾಡಲೆ ಇದೇ ಲೆಕ್ಕ ಬೇಕು.

ಹಿರಿಯರಿಂದ ಬಂದ 24 ಗುಂಟೆ ಅಡಕೆ ತೋಟ, ಇನ್ನೂ ಪಾಲಾಗದ್ದು ಹೇಳಿ ತಿಳ್ಕಳಿ. ಆಯಿ ಮೊದ್ಲೇ ತೀರಿಹೋಯ್ದು. ಅಪ್ಪಯ್ಯ ಉಯಿಲು ಬರೀದೇ ಹೋದ. ಇಪ್ಪದು ಒಬ್ಬ ಮಗ, ಒಬ್ಬಳು ಮಗಳು.

1956ರ ಹಿಂದೂ ಉತ್ತರಾಧಿಕಾರ ಕಾನೂನಿನ ಮೂಲ ರೀತಿಲಿ ಮೊದ್ಲು ಅಪ್ಪಂಗೆ ಅರ್ಧ, ಮಗಂಗೆ ಅರ್ಧ. ಆಮೇಲೆ ಅಪ್ಪನ ಅರ್ಧ ಮಾತ್ರ ಮಕ್ಕಳಿಬ್ಬರಿಗೆ ಸಮ.

ಮಗಂಗೆ: (24 ÷ 2) + ((24 ÷ 2) ÷ 2) = 18.
ಮಗಳಿಗೆ: (24 ÷ 2) ÷ 2 = 6.

ಅರ್ಧದ ಅರ್ಧ, ಕಾಲು ಪಾಲು! 'ಇಬ್ಬರಿಗೂ ಸಮ' ಹೇಳಿದ್ದು ಒಳಗಿನ ಕಂಸದಲ್ಲಿ ಮಾತ್ರ ಖರೆ.

2005ರ ಸೆಪ್ಟೆಂಬರ್ 9ಕ್ಕೆ ಜಾರಿಗೆ ಬಂದ ತಿದ್ದುಪಡಿ ಮಗಳನ್ನೂ ಮೊದಲ ಪಾಲಿಗೇ ಸೇರಿಸ್ತು, ಮದುವೆ ಆಗಿರ್ಲಿ, ಬಿಡ್ಲಿ. ಈಗ ಮೂರು ಪಾಲು, ಅಪ್ಪನ ಪಾಲಲ್ಲಿ ಮತ್ತೆ ಅರ್ಧ:

(24 ÷ 3) + ((24 ÷ 3) ÷ 2) = 12.

ಅಣ್ಣಂಗೂ 12, ತಂಗಿಗೂ 12. ಅಪ್ಪ 2005ಕ್ಕಿಂತ ಮೊದ್ಲೇ ತೀರಿಹೋಗಿದ್ರೂ ಮಗಳಿಗೆ ಈ ಹಕ್ಕು ಇದ್ದು ಹೇಳಿ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು. ಆದ್ರೆ 2004ರ ಡಿಸೆಂಬರ್ 20ಕ್ಕಿಂತ ಮೊದ್ಲು ಸರಿಯಾಗಿ ಪಾಲಾಗಿ ಹೋದ ಆಸ್ತಿಗೆ ಇದು ತಾಗ್ತಿಲ್ಲೆ.

ತವರಿನ ಪಾಲು ತಗಂಬದು, ಬಿಡದು ನಿಂಗಳ ಮನಸ್ಸು. ಬಿಡದಾದ್ರೂ 6 ಗುಂಟೆ ಬಿಡ್ತಾ ಇದ್ನ, 12 ಗುಂಟೆ ಬಿಡ್ತಾ ಇದ್ನ ಹೇಳಿ ಗೊತ್ತಿದ್ದು ಬಿಡವು. ಸಹಿ ಹಾಕಕ್ಕಿಂತ ಮೊದ್ಲು ಒಂದು ಕಾಗದ ತಗಂಡು, ಒಳಗಿನ ಕಂಸದಿಂದ ಶುರು ಮಾಡಿ ಲೆಕ್ಕ ಬಿಡಿಸಿ ನೋಡಿ.