ಬೂವನಹಳ್ಳಿಯಿಂದ ಜಾವಗಲ್ಲಿಗೆ

ಹಾಸನದ ಬಳಿಯ ಬೂವನಹಳ್ಳಿಯನ್ನು ಈಗ ಬಹುಮಂದಿ ವಿಮಾನನಿಲ್ದಾಣದ ಹೆಸರಿನೊಡನೆಯೇ ಬಲ್ಲರು. ಅದಕ್ಕೆಂದು ಗೊತ್ತುಮಾಡಿದ ಇಲ್ಲಿಯ ನೆಲವು ಎಷ್ಟೋ ವರ್ಷ ಬರಿದೆ ಕಾದುಕೊಂಡಿತ್ತು. ಯೋಗ್ಯತೆಯಿದ್ದೂ ಸರದಿ ಬಾರದೆ ಕಾಯುವ ಕಷ್ಟವು ನೆಲಕ್ಕೆ ತಿಳಿಯದು. ಮನುಷ್ಯನಿಗೆ ಚೆನ್ನಾಗಿ ತಿಳಿಯುತ್ತದೆ. ಈ ಸೀಮೆಯ ಹೆಸರನ್ನು ಹೊತ್ತ ಆಟಗಾರರೊಬ್ಬರು ಹಾಗೆ ಕಾದುದನ್ನು ಸ್ಮರಿಸುತ್ತ, ಇಲ್ಲಿಂದ ಹಾಸನ, ಹಳೇಬೀಡುಗಳ ಮಾರ್ಗವಾಗಿ ಜಾವಗಲ್ಲಿಗೆ ಹೋಗಿಬರುವುದು ಗೃಹಸ್ಥರಿಗೆ ಒಂದು ದಿನದ ಸೊಗಸಾದ ಯಾತ್ರೆ.

ಜಾವಗಲ್ಲು ಅರಸೀಕೆರೆ ತಾಲ್ಲೂಕಿನ ಊರು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವು ಇಲ್ಲಿಯ ಮುಖ್ಯ ಶೋಭೆ. ಅದು ತ್ರಿಕೂಟ; ಮೂರು ಮೂರ್ತಿಗಳಿಗೆ ಮೂರು ಗರ್ಭಗುಡಿಗಳು. ವೇಗದ ಬೌಲರ್ ಶ್ರೀನಾಥರು 1969ರಲ್ಲಿ ಹುಟ್ಟಿದುದು ಮೈಸೂರಿನಲ್ಲಾದರೂ, ಅವರ ಹೆಸರಿನ ಮುಂದೆ ನಿಂತು ಲೋಕವನ್ನೆಲ್ಲ ಸುತ್ತಿಬಂದುದು ಈ ಊರೇ.

ಶ್ರೀನಾಥರು 1991ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್ ಆಡಿದರು. ಆದರೆ 1993ರಲ್ಲಿಯೂ 1994ರ ಆದಿಯಲ್ಲಿಯೂ ಸ್ವದೇಶದಲ್ಲಿ ನಡೆದ ಏಳು ಟೆಸ್ಟ್ ಪಂದ್ಯಗಳಲ್ಲಿ ಒಂದರಲ್ಲಿಯೂ ಅವರಿಗೆ ಸ್ಥಳವಾಗಲಿಲ್ಲ. ನಮ್ಮ ಒಣನೆಲದಲ್ಲಿ ಸ್ಪಿನ್ನರುಗಳೇ ಪ್ರಬಲರು. ವೇಗದವರಿಗೆ ಉಳಿಯುತ್ತಿದ್ದುದು ಎರಡೇ ಸ್ಥಾನ. ಒಂದು ಕಪಿಲ್ ದೇವರದು, ಮತ್ತೊಂದು ಮನೋಜ್ ಪ್ರಭಾಕರರದು. ಕಪಿಲರ ವೇಗ ಆಗ ತಗ್ಗಿತ್ತು. ಆದರೂ ಹ್ಯಾಡ್ಲಿಯವರ 431 ವಿಕೆಟ್ಟುಗಳ ದಾಖಲೆ ಸಮೀಪಿಸಿತ್ತು. ಅದನ್ನು ಅವರು 1994ರ ಫೆಬ್ರವರಿ 8ರಂದು ಅಹಮದಾಬಾದಿನಲ್ಲಿ ಮೀರಿದರು.

ಹಾಗಾದರೆ ತಗ್ಗಿದ ಹಿರಿಯನು ಸ್ಥಾನದಲ್ಲಿ ಮುಂದುವರಿಯಬಹುದೆ? ಬಹುದೆಂಬವರ ಪಕ್ಷವು ದುರ್ಬಲವೇನಲ್ಲ. ಆ ಏಳು ಪಂದ್ಯಗಳನ್ನೂ ಭಾರತವೇ ಗೆದ್ದಿತು. 1983ರಲ್ಲಿ ವಿಶ್ವಕಪ್ ತಂದ ನಾಯಕರು ಅವರು. ವೇಗದ ಬೌಲರನೂ ಈ ದೇಶದಲ್ಲಿ ಬಾಳಬಲ್ಲನೆಂದು ತೋರಿಸಿದವರೂ ಅವರೇ. ಅಂಥವರನ್ನು ಗುರಿಯ ಹೊಸ್ತಿಲಿನಲ್ಲಿ ತಡೆಯುವುದು ಕೃತಘ್ನತೆಯೆನಿಸೀತು.

ಆದರೂ ನನ್ನ ಮನಸ್ಸು ಇನ್ನೊಂದು ಪಕ್ಷಕ್ಕೆ ಒಲಿಯುತ್ತದೆ. ಗೌರವವು ಕಳೆದ ಕಾರ್ಯಕ್ಕೆ ಸಲ್ಲತಕ್ಕದ್ದು. ಸ್ಥಾನವು ಮುಂದಿನ ಕಾರ್ಯಕ್ಕೆ. ಗೌರವವನ್ನು ಎಷ್ಟು ಮಂದಿಗೆ ಹಂಚಿದರೂ ಕುಂದದು, ಸ್ಥಾನವು ಹಾಗಲ್ಲ. ತ್ರಿಕೂಟದ ಶಿಲ್ಪಿಗೆ ಮೂರನೆಯ ಗುಡಿಯನ್ನು ಕಟ್ಟುವ ಸ್ವಾತಂತ್ರ್ಯವಿತ್ತು. ತಂಡವನ್ನು ಆರಿಸುವವರಿಗೆ ಹನ್ನೆರಡನೆಯ ಸ್ಥಾನವಿಲ್ಲ. ವೇಗದ ಬೌಲರನ ತೋಳಿಗಂತೂ ಪ್ರಾಯದ ವರ್ಷಗಳು ಎಣಿಕೆಯವು; ಕಾಯುತ್ತ ಕಳೆದ ಎರಡು ವರ್ಷಗಳನ್ನು ಯಾವ ಸನ್ಮಾನವೂ ಹಿಂದಿರುಗಿಸಲಾರದು.

ಮುಂದೆ ನಡೆದುದು ಇದಕ್ಕೆ ಸಾಕ್ಷಿ. ಕಪಿಲರು 434 ವಿಕೆಟ್ಟುಗಳೊಡನೆ ನಿವೃತ್ತರಾದ ಬಳಿಕ, 1994ರ ನವೆಂಬರಿನಲ್ಲಿ ಮುಂಬಯಿಯಲ್ಲಿ ವೆಸ್ಟ್ ಇಂಡೀಸಿನೆದುರು ಶ್ರೀನಾಥರು ಸ್ವದೇಶದ ಮೊದಲ ಟೆಸ್ಟ್ ಆಡಿದರು. ಐದು ವಿಕೆಟ್ ಪಡೆದುದಲ್ಲದೆ ಒಂದು ಸರದಿಯಲ್ಲಿ 60 ಓಟಗಳನ್ನೂ ಗಳಿಸಿದರು. 1996ರಲ್ಲಿ ಅದೇ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕದ ಆರು ಮಂದಿಯನ್ನು ಕೇವಲ 21 ಓಟಗಳಿಗೆ ಉರುಳಿಸಿದರು. ಅವರ ಟೆಸ್ಟ್ ವಿಕೆಟ್ಟುಗಳು ಒಟ್ಟು 236. ಆ ಏಳು ಪಂದ್ಯಗಳೂ ಸೇರಿದ್ದರೆ ಎಷ್ಟಾಗುತ್ತಿತ್ತೆಂದು ಲೆಕ್ಕ ಹಾಕುವುದು ವ್ಯರ್ಥ.

ಮನೆಯ ಬೀಗದ ಕೈಯನ್ನು ಇನ್ನೂ ತಮ್ಮ ಸೊಂಟದಲ್ಲಿಯೇ ಇಟ್ಟುಕೊಂಡಿರುವ ನನ್ನ ವಯಸ್ಸಿನ ವಾಚಕರು ಜಾವಗಲ್ಲಿಗೆ ಹೋದಾಗ ಇದನ್ನು ಕೊಂಚ ಯೋಚಿಸಲಿ. ಕೊಡುವ ಕೈಗೆ ಬಲವಿರುವಾಗ ಕೊಟ್ಟರೆ ಅದು ದಾನ; ಬಲ ತಪ್ಪಿದ ಮೇಲೆ ಅದು ಕೈಜಾರಿದುದಷ್ಟೆ.